‘ಒಗ್ಗಟ್ಟಿನಲ್ಲಿ ಬಲವಿದೆ’ ಅಂತ ಒಂಬತ್ತೂ ಮಕ್ಕಳು ಬರೆದರು, ಆದರೆ ಕಥೆ ಅರ್ಥವಾಯ್ತಾ?

ಜಾವಳಿ ಕಡೆಯ ಟೀಚರ್

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ, ಹೇಮಾವತಿ ಹುಟ್ಟುವ ಜಾವಳಿ ಕಡೆ ಒಂದು ಸಣ್ಣ ಶಾಲೆಯಲ್ಲಿದ್ದೇನೆ. ನಲಿಕಲಿ ಕೋಣೆ. ಒಂದು, ಎರಡು, ಮೂರು ಎಲ್ಲಾ ಒಟ್ಟಿಗೆ. ಮೂರನೇ ತರಗತಿಯವರು 9 ಮಕ್ಕಳು. ಕಳೆದ ವಾರ ನಡೆದ ಒಂದು ವಿಷಯ ಮನಸ್ಸಿನಿಂದ ಹೋಗ್ತಾನೇ ಇಲ್ಲ.

ಕೂಡಿ ಕೆಲಸ ಮಾಡುವುದರ ಬಗ್ಗೆ ಮಕ್ಕಳಿಗೆ ಒಂದು ಕಥೆ ಓದಿಸಬೇಕಿತ್ತು. ನಮ್ಮೂರಿಗೆ ಹತ್ತಿರವಾಗಲಿ ಅಂತ ನಾನೇ ಬರೆದು ಚಾರ್ಟ್ ಮಾಡಿ ಹಾಕಿದೆ. ಸಂಕ ಅಂದರೆ ನಮ್ಮ ಕಡೆ ಹಳ್ಳ ದಾಟಲು ಹಾಕುವ ಮರದ ಕಾಲುಸೇತುವೆ. ಕಥೆ ಇಷ್ಟೇ:

“ಪುಷ್ಯ ಮಳೆಗೆ ಹಳ್ಳ ಉಕ್ಕಿತು. ಸಂಕ ಕೊಚ್ಚಿಕೊಂಡು ಹೋಯಿತು. ಮಕ್ಕಳು ಮೂರು ದಿನ ಶಾಲೆಗೆ ಹೋಗಲಿಲ್ಲ. ‘ಗದ್ದೆ ನೆಟ್ಟಿಗೆ ಮುಯ್ಯಾಳು ಬರ್ತೀರಲ್ಲ, ಇದಕ್ಕೂ ಬನ್ನಿ’ ಎಂದಳು ಅಜ್ಜಿ. ಮಳೆ ಹೊಳವಾದ ದಿನ ಎಲ್ಲರೂ ಸೇರಿದರು. ಕರಿಯಣ್ಣ ಎರಡು ಅಡಿಕೆ ಮರ ಕೊಟ್ಟನು. ಇಬ್ರಾಹಿಂ ಸಾಬರು ಹಗ್ಗ ತಂದರು. ದೊಡ್ಡವರು ಮರ ಎಳೆದರು. ಪುಟ್ಟಿಗೆ ಮರ ಎಳೆಯಲು ಆಗಲಿಲ್ಲ. ಅವಳು ದಡದಲ್ಲಿ ಕುಳಿತು ನೋಡಿದಳು. ‘ಆ ಕಡೆ ಮಣ್ಣು ಮೆತ್ತಗಿದೆ, ಮರ ಹೂತು ಹೋಗ್ತಿದೆ’ ಎಂದು ಕೂಗಿದಳು. ಮಕ್ಕಳು ಓಡಿ ಹೋಗಿ ಚಪ್ಪಟೆ ಕಲ್ಲು ತಂದರು. ಕಲ್ಲಿನ ಮೇಲೆ ಮರ ಕೂತಿತು. ಸಂಜೆ ಅಜ್ಜಿ ಎಲ್ಲರಿಗಿಂತ ಮೊದಲು ಸಂಕ ದಾಟಿದಳು.”

ಪ್ರಶ್ನೆ ಕೇಳಿದೆ. ಅಡಿಕೆ ಮರ ಕೊಟ್ಟವರು ಯಾರು? ಹಗ್ಗ ತಂದವರು ಯಾರು? ಮಕ್ಕಳು ಎಷ್ಟು ದಿನ ಶಾಲೆಗೆ ಹೋಗಲಿಲ್ಲ? ಒಂಬತ್ತೂ ಮಕ್ಕಳು ಸರಿಯಾಗಿ ಬರೆದರು. ಕಥೆಯ ನೀತಿ ಏನು ಅಂದೆ. ಒಂಬತ್ತೂ ಮಕ್ಕಳು ‘ಒಗ್ಗಟ್ಟಿನಲ್ಲಿ ಬಲವಿದೆ’ ಅಂತ ಬರೆದರು. ನನಗೆ ತುಂಬಾ ಖುಷಿ ಆಯ್ತು.

ಪುಸ್ತಕ ಎತ್ತಿಡುವಾಗ ಸುಮ್ನೆ ಬಾಯಿಮಾತಲ್ಲಿ ಕೇಳಿದೆ, “ಪುಟ್ಟಿ ಏನು ಕೆಲಸ ಮಾಡಿದಳು?” ಏಳು ಮಕ್ಕಳು “ಏನೂ ಮಾಡಲಿಲ್ಲ ಮಿಸ್, ಕುಳಿತಿದ್ದಳು” ಅಂದರು. ಒಬ್ಬ ಹುಡುಗ ಅವಳು ಸೋಮಾರಿ ಅಂತಲೂ ಅಂದ.

ಕಥೆ ನಿಂತಿರುವುದೇ ಆ ಪುಟ್ಟಿಯ ಮೇಲೆ. ಅವಳು ಕೂಗದಿದ್ದರೆ ಸಂಕ ನಿಲ್ಲುತ್ತಿರಲಿಲ್ಲ. ಅದು ಗೊತ್ತಾಗದೆ ಮಕ್ಕಳು ನೀತಿ ಬರೆದಿದ್ದಾರೆ, ನಾನು ರೈಟ್ ಹಾಕಿದ್ದೇನೆ. ಹಾಗಾದರೆ ಇಷ್ಟು ವರ್ಷ ನಾನು ರೈಟ್ ಹಾಕಿದ್ದು ಯಾವುದಕ್ಕೆ? ಮಗುವಿಗೆ ಕಥೆ ಅರ್ಥವಾಗಿದೆ ಅಂತ ನೀವೆಲ್ಲ ಹೇಗೆ ತಿಳಿದುಕೊಳ್ಳುತ್ತೀರಿ? ದಯವಿಟ್ಟು ಹೇಳಿ.

ಕೊಪ್ಪದ ನಿವೃತ್ತ ಮೇಷ್ಟ್ರು

ಮೇಡಂ, ನೀವು ಕೇಳಿದ ಮೊದಲ ಮೂರು ಪ್ರಶ್ನೆಗೆ ಕಥೆ ಅರ್ಥವಾಗುವ ಅಗತ್ಯವೇ ಇಲ್ಲ. ಒಂದು ಸಾಲು ಬರೆಯುತ್ತೇನೆ, ನೋಡಿ.

“ಬಿಲಗನು ಟಿಮುರೆಯನ್ನು ಲಟುಕಿದನು. ಆದ್ದರಿಂದ ಟಿಮುರೆಯು ಮಿಣಚಿತು.”

ಲಟುಕಿದವರು ಯಾರು? ಬಿಲಗನು. ಏನನ್ನು ಲಟುಕಿದನು? ಟಿಮುರೆಯನ್ನು. ಟಿಮುರೆ ಯಾಕೆ ಮಿಣಚಿತು? ಬಿಲಗನು ಲಟುಕಿದ್ದರಿಂದ. ಮೂರಕ್ಕೆ ಮೂರು ಅಂಕ. ಬಿಲಗ ಯಾರು, ಟಿಮುರೆ ಏನು ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಎಲ್ಲಾ ನಾನೇ ಹುಟ್ಟಿಸಿದ ಪದಗಳು.

ನಮ್ಮ ಕನ್ನಡದಲ್ಲಿ ಈ ತೊಂದರೆ ಜಾಸ್ತಿ. ವಿಭಕ್ತಿ ಪ್ರತ್ಯಯ ಉತ್ತರವನ್ನು ಕೈಹಿಡಿದು ತೋರಿಸುತ್ತದೆ. ‘ಏನನ್ನು’ ಅಂದರೆ ‘ಅನ್ನು’ ಇರುವ ಪದ ಹುಡುಕು. ‘ಯಾರಿಗೆ’ ಅಂದರೆ ‘ಇಗೆ’ ಇರುವ ಪದ. ‘ಯಾಕೆ’ ಅಂದರೆ ‘ಆದ್ದರಿಂದ’ದ ಹಿಂದಿನ ಸಾಲು. ಮಕ್ಕಳು ಇದನ್ನು ಎರಡನೇ ತರಗತಿಯಲ್ಲೇ ಕಲಿತುಬಿಡುತ್ತಾರೆ. ಅದೂ ಒಂದು ಜಾಣತನವೇ, ಅದಕ್ಕೆ ಮಕ್ಕಳನ್ನು ಬೈಯಬಾರದು. ಆದರೆ ಅದು ಓದಿ ಅರ್ಥ ಮಾಡಿಕೊಂಡದ್ದಲ್ಲ.

ನಾನು ಪ್ರಶ್ನೆಯನ್ನು ಮೂರು ಥರ ನೋಡುತ್ತಿದ್ದೆ. ಉತ್ತರ ಒಂದೇ ಸಾಲಿನಲ್ಲಿ ಸಿಗುವುದು ಒಂದು ಥರ. ಎರಡು ಮೂರು ಸಾಲು ಜೋಡಿಸಿದರೆ ಸಿಗುವುದು ಇನ್ನೊಂದು. ಮೂರನೆಯದಕ್ಕೆ ಉತ್ತರ ಕಥೆಯಲ್ಲಿ ಇರುವುದೇ ಇಲ್ಲ. ಆದರೆ ಕಥೆ ಓದದೆ ಹೇಳಲೂ ಆಗುವುದಿಲ್ಲ. ಅಮೆರಿಕದ ಟ್ಯಾಫಿ ರಾಫೆಲ್ ಅನ್ನುವವರು 1980ರ ದಶಕದಲ್ಲಿ ಇದನ್ನೇ ಮಕ್ಕಳಿಗೂ ಕಲಿಸಿದರು. ಪ್ರಶ್ನೆ ಕೇಳಿದ ತಕ್ಷಣ ‘ಇದರ ಉತ್ತರ ಎಲ್ಲಿ ಇರುತ್ತದೆ’ ಅಂತ ಮಗುವೇ ಮೊದಲು ಯೋಚಿಸಬೇಕು ಅಂತ.

ನಿಮ್ಮ ಕಥೆಗೆ ನಾನಾಗಿದ್ದರೆ ಹೀಗೆ ಕೇಳುತ್ತಿದ್ದೆ. ಚಪ್ಪಟೆ ಕಲ್ಲೇ ಯಾಕೆ, ಗುಂಡು ಕಲ್ಲು ತಂದಿದ್ದರೆ? ಅಜ್ಜಿಯೇ ಯಾಕೆ ಮೊದಲು ದಾಟಿದಳು? ಈ ಕಥೆಯಿಂದ ಒಬ್ಬರನ್ನು ತೆಗೆದು ಹಾಕಿ, ಆಗ ಏನಾಗುತ್ತದೆ ಹೇಳಿ. ಕೊನೆಯ ಪ್ರಶ್ನೆ ಮುಖ್ಯ. ಕೂಡಿ ಕೆಲಸ ಅಂದರೆ ಎಲ್ಲರೂ ಒಂದೇ ಹಗ್ಗ ಎಳೆಯುವುದು ಅಂತ ಮಕ್ಕಳು ತಿಳಿದಿರುತ್ತಾರೆ. ಬೇರೆ ಬೇರೆ ಕೆಲಸ ಮಾಡುತ್ತಲೂ ಜೊತೆಗಿರಬಹುದು ಅನ್ನುವುದು ಎಂಟು ವರ್ಷದ ಮಗುವಿಗೆ ಹೊಸ ವಿಷಯ. ನಿಮ್ಮ ಏಳು ಮಕ್ಕಳು ಅಲ್ಲೇ ನಿಂತಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಅರಸೀಕೆರೆ ಮೇಷ್ಟ್ರು

ಟೀಚರ್, ನಿಮ್ಮ ಕಥೆ ಇಷ್ಟವಾಯ್ತು. ಮೊನ್ನೆ ಅದನ್ನೇ ನಮ್ಮ ಮೂರನೇ ತರಗತಿಗೆ ಕೊಟ್ಟೆ. ಓದಿ ಚಿತ್ರ ಬರೆಯಿರಿ ಅಂದೆ. ನಾಲ್ಕು ಮಕ್ಕಳು ಶಂಖದ ಚಿತ್ರ ಬರೆದಿದ್ದರು.

ಬಯಲುಸೀಮೆಯ ಮಕ್ಕಳಿಗೆ ಸಂಕ ಗೊತ್ತಿಲ್ಲ. ನಮ್ಮ ಕಡೆ ಮಾತಿನಲ್ಲಿ ಶಂಖವನ್ನು ‘ಸಂಕ’ ಅನ್ನುತ್ತಾರೆ. ದಾಸಯ್ಯ ಊದುವ ಶಂಖ ನೀರಲ್ಲಿ ಕೊಚ್ಚಿಕೊಂಡು ಹೋಯಿತು, ಅದಕ್ಕೆ ಮಕ್ಕಳು ಶಾಲೆಗೆ ಹೋಗಲಿಲ್ಲ ಅಂತ ಓದಿಕೊಂಡಿದ್ದಾರೆ ಪಾಪ. ಆದರೂ “ಅಡಿಕೆ ಮರ ಕೊಟ್ಟವರು ಯಾರು” ಅಂದಾಗ ಅವರಲ್ಲಿ ಮೂವರು ಕರಿಯಣ್ಣ ಅಂತ ಸರಿಯಾಗಿ ಬರೆದರು. ಕೊಪ್ಪದ ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ.

ಇದರಲ್ಲಿ ನನಗೆ ಕಂಡದ್ದು ಇನ್ನೊಂದಿದೆ. ಮಗು ಓದುವುದರಲ್ಲಿ ಹಿಂದಿದೆ ಅಂತ ನಾವು ಬರೆದುಬಿಡುತ್ತೇವೆ. ಆದರೆ ಹಿಂದಿರುವುದು ಓದಲ್ಲ, ಆ ವಿಷಯದ ಪರಿಚಯ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವವರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಬರಹ ಓದಲು ಕೊಟ್ಟರು. ಓದು ಚೆನ್ನಾಗಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ, ಓದು ಕಡಿಮೆ ಇದ್ದು ಆಟ ಗೊತ್ತಿದ್ದ ಮಕ್ಕಳು ಆ ಬರಹವನ್ನು ಚೆನ್ನಾಗಿ ತಿಳಿದುಕೊಂಡರು. ನಮ್ಮಲ್ಲಿ ಕಬಡ್ಡಿ ಬಗ್ಗೆ ಪಾಠ ಕೊಟ್ಟು ನೋಡಿ, ಹಿಂದಿನ ಬೆಂಚಿನ ಹುಡುಗರು ಮುಂದೆ ಬರುತ್ತಾರೆ.

ಹಾಗಾಗಿ ನಾನು ಕಥೆಯನ್ನು ನಮ್ಮೂರಿಗೆ ಬದಲಾಯಿಸಿದೆ. ತೆಂಗಿನಕಾಯಿ ಕೀಳುವ ದಿನ. ಒಬ್ಬ ಮರ ಹತ್ತುತ್ತಾನೆ, ಒಬ್ಬಳು ಆರಿಸುತ್ತಾಳೆ, ಇಬ್ಬರು ಗಾಡಿಗೆ ತುಂಬುತ್ತಾರೆ. ಅಜ್ಜ ನೆರಳಲ್ಲಿ ಕುಳಿತು ಎಣಿಸುತ್ತಾನೆ. “ಅಜ್ಜ ಕೆಲಸ ಮಾಡಿದನಾ?” ಅಂತ ಕೇಳಿದೆ. ತರಗತಿಯೇ ಎದ್ದು ನಿಂತಿತು. “ಮಾಡಿದ ಸಾರ್, ಲೆಕ್ಕ ತಪ್ಪಿದ್ರೆ ಕಾಯಿ ತಗೊಳ್ಳೋ ಸಾಬರು ದುಡ್ಡು ಕಮ್ಮಿ ಕೊಡ್ತಾರೆ” ಅಂತ ಒಬ್ಬಳು. ಆ ಹುಡುಗಿ ಶಂಖ ಬರೆದವಳು.

ಹಾಸನದ ಅಮ್ಮ

ನಾನು ಟೀಚರ್ ಅಲ್ಲ. ಮಗ ಎರಡನೇ ತರಗತಿ, ಇಂಗ್ಲಿಷ್ ಮಾಧ್ಯಮ. ಕನ್ನಡ ಪಾಠವನ್ನು ರೈಲು ಓಡಿಸಿದ ಹಾಗೆ ಓದುತ್ತಾನೆ, ಒಂದು ಅಕ್ಷರ ತಪ್ಪುವುದಿಲ್ಲ. ಓದಿ ಮುಗಿಸಿದ ಮೇಲೆ ಏನಾಯ್ತು ಹೇಳಪ್ಪ ಅಂದರೆ ಸುಮ್ಮನೆ ನಿಲ್ಲುತ್ತಾನೆ. ಎರಡನೇ ಸಲ ಕೇಳಿದರೆ ಮುಖ ಸಣ್ಣದಾಗುತ್ತದೆ. ಮನೆಯಲ್ಲಿ ಪರೀಕ್ಷೆ ಥರ ಕೇಳುವುದು ನನಗೂ ಇಷ್ಟವಿಲ್ಲ. ಏನು ಮಾಡಲಿ?

ಕೊಪ್ಪದ ನಿವೃತ್ತ ಮೇಷ್ಟ್ರು

ತಾಯಿ, ಪ್ರಶ್ನೆ ಕೇಳಬೇಡಿ. ಅವನು ಓದಿದ ಕಥೆಯನ್ನು ರಾತ್ರಿ ಊಟ ಬಡಿಸುವಾಗ ನೀವೇ ಅವನ ಅಪ್ಪನಿಗೆ ಹೇಳಿ. ನಡುವೆ ಒಂದು ಕಡೆ ತಪ್ಪಾಗಿ ಹೇಳಿ. “ಆಮೇಲೆ ಪುಟ್ಟಿ ಮರ ಎಳೆದಳಂತೆ” ಅನ್ನಿ. ಅರ್ಥವಾಗಿರುವ ಮಗು ಸುಮ್ಮನಿರುವುದಿಲ್ಲ.

ಸುಮ್ಮನಿದ್ದರೆ, ಮಾರನೇ ದಿನ ಅದೇ ಕಥೆಯನ್ನು ನೀವು ನಿಧಾನವಾಗಿ ಓದಿ ಹೇಳಿ. ಕೇಳಿದಾಗ ತಿಳಿಯುತ್ತದಾ ನೋಡಿ.

ಸಕಲೇಶಪುರ ತೋಟದ ಪಕ್ಕದ ಶಾಲೆ

ಮೇಷ್ಟ್ರು ಹೇಳಿದ ಕೊನೆಯ ಮಾತನ್ನೇ ನಾನು ಹೇಳಬೇಕು ಅಂತ ಬಂದೆ. ನಮ್ಮ ಶಾಲೆಗೆ ಕಾಫಿ ತೋಟದ ಲೈನ್ ಮನೆಗಳಿಂದ ಮಕ್ಕಳು ಬರುತ್ತಾರೆ. ಮನೆಯಲ್ಲಿ ತಮಿಳು, ತುಳು, ಈಗೀಗ ಹಿಂದಿ ಮಾತಾಡುವವರೂ ಇದ್ದಾರೆ. ಒಂದೇ ಪ್ರಶ್ನೆಪತ್ರಿಕೆಯಿಂದ ಇವರ ಓದು ಅಳೆಯಲು ಹೋದರೆ ಪೂರ್ತಿ ತಪ್ಪಾಗುತ್ತದೆ.

ಓದಿ ಅರ್ಥ ಮಾಡಿಕೊಳ್ಳಲು ಎರಡು ಬೇಕು. ಅಕ್ಷರ ಬಿಡಿಸುವುದು, ಭಾಷೆ ತಿಳಿಯುವುದು. ಗಾಫ್ ಮತ್ತು ಟನ್ಮರ್ ಅನ್ನುವವರು 1986ರಲ್ಲಿ ಇದನ್ನು ಗುಣಾಕಾರದ ಲೆಕ್ಕದ ಹಾಗೆ ಬರೆದರು. ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆ ಆದರೆ ಇನ್ನೊಂದು ಎಷ್ಟೇ ಇದ್ದರೂ ಉತ್ತರ ಸೊನ್ನೆ. ಮಗುವಿನ ಕಷ್ಟ ಯಾವ ಕಡೆ ಇದೆ ಅಂತ ತಿಳಿಯಲು ಸುಲಭದ ದಾರಿ ಅಂದರೆ ನಾವೇ ಓದಿ ಹೇಳುವುದು. ಕೇಳಿದಾಗ ಅರ್ಥವಾಗಿ ಓದಿದಾಗ ಆಗದಿದ್ದರೆ ಅಕ್ಷರದ ಕಡೆ ಕೆಲಸ ಬಾಕಿ ಇದೆ. ಹೆಚ್ಚಾಗಿ ಒತ್ತಕ್ಷರ, ದೀರ್ಘ. ನಮ್ಮಲ್ಲಿ ‘ಹೂತು’ ಹೋಗಿ ‘ಹುತು’ ಆಗುತ್ತದೆ, ‘ಚಪ್ಪಟೆ’ ಹೋಗಿ ‘ಚಪಟೆ’. ಕೇಳಿದಾಗಲೂ ಅರ್ಥವಾಗದಿದ್ದರೆ ಎಷ್ಟು ಕಾಗುಣಿತ ಬರೆಸಿದರೂ ಪ್ರಯೋಜನವಿಲ್ಲ. ಆ ಮಗುವಿನ ಜೊತೆ ಮಾತು ಬೇಕು, ತುಂಬಾ ಮಾತು ಬೇಕು. ಹಾಸನದ ಅಕ್ಕ, ನಿಮ್ಮ ಮಗನದು ಈ ಎರಡನೆಯದು ಇರಬಹುದು.

ಒಂದು ಮಗುವಿನ ವಿಷಯ ಹೇಳಲೇಬೇಕು. ಮನೆಮಾತು ತಮಿಳು. ಬರವಣಿಗೆಯಲ್ಲಿ ಯಾವತ್ತೂ ಖಾಲಿ ಹಾಳೆ. ನಿಮ್ಮ ಸಂಕದ ಕಥೆಯನ್ನು ಓದಿಸಿ, ಅವನ ಮುಂದೆ ಎರಡು ಕಡ್ಡಿ, ಒಂದು ದಾರ, ಸ್ವಲ್ಪ ಒದ್ದೆ ಮಣ್ಣು, ಕಲ್ಲು ಇಟ್ಟೆ. “ಕಥೆಯಲ್ಲಿ ಆದದ್ದನ್ನು ಮಾಡಿ ತೋರಿಸು” ಅಂದೆ. ಕಡ್ಡಿಗಳನ್ನು ದಾರದಿಂದ ಎಳೆದ. ಒಂದು ಕಡೆ ಬೆರಳಿಂದ ಒತ್ತಿ ಕಡ್ಡಿಯನ್ನು ಮಣ್ಣಲ್ಲಿ ಹೂತ. ನಿಲ್ಲಿಸಿ, ದೂರ ಇಟ್ಟಿದ್ದ ಒಂದು ಸಣ್ಣ ಕಲ್ಲನ್ನು ತೋರಿಸಿ “ಪುಟ್ಟಿ” ಅಂದ. ಆಮೇಲೆ ಕಡ್ಡಿ ಎತ್ತಿ ಕೆಳಗೆ ಚಪ್ಪಟೆ ಕಲ್ಲು ಇಟ್ಟ. ನಾನು ಒಂದು ಮಾತೂ ಆಡಿರಲಿಲ್ಲ.

ಅವನ ಉತ್ತರಪತ್ರಿಕೆ ಮಾತ್ರ ನೋಡಿದ್ದರೆ ಅವನಿಗೆ ಓದಲು ಬರುವುದಿಲ್ಲ ಅಂತಲೇ ಬರೆಯುತ್ತಿದ್ದೆ.

ಚನ್ನರಾಯಪಟ್ಟಣ ಸಿಆರ್‌ಪಿ

ನಾನು ಸಿಆರ್‌ಪಿ, ಅಂದರೆ ಹತ್ತಿರದ ಶಾಲೆಗಳ ಒಂದು ಗುಂಪಿಗೆ (ಕ್ಲಸ್ಟರ್) ಹೋಗಿ ಶಿಕ್ಷಕರಿಗೆ ನೆರವಾಗುವವನು. ಎಲ್ಲವನ್ನೂ ಓದಿದೆ. ಕೆಲವು ಮಾತು ಒಪ್ಪುತ್ತೇನೆ, ಒಂದನ್ನು ಒಪ್ಪಲಾರೆ.

ಮೊದಲು ಒಪ್ಪುವ ವಿಷಯ. ಚಿಕ್ಕ ಮಕ್ಕಳ ಓದು, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ 2021ರ ಜುಲೈಯಲ್ಲಿ ಶುರುವಾಯಿತು. ಮೂರನೇ ತರಗತಿ ಮುಗಿಸುವಾಗ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು, ಅರ್ಥ ಮಾಡಿಕೊಂಡು ಓದಬೇಕು ಅಂತ ಅದರ ಗುರಿಯಲ್ಲಿದೆ. ನಾನು ಹೋಗುವ ಶಾಲೆಗಳಲ್ಲಿ ಎಲ್ಲರೂ 60 ನೆನಪಿಟ್ಟುಕೊಂಡಿದ್ದಾರೆ, ‘ಅರ್ಥ ಮಾಡಿಕೊಂಡು’ ಅನ್ನುವುದು ಹಿಂದೆ ಬಿದ್ದಿದೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ಓದಿಸುತ್ತಾರೆ. ಕನ್ನಡದ ಪದಗಳೂ ಉದ್ದ. ‘ಹೋಗಬೇಕಾಗಿತ್ತಲ್ಲವೇ’ ನಮಗೆ ಒಂದೇ ಪದ. ಪದ ಎಣಿಸುವುದರಿಂದ ಮಗುವಿನ ಓದಿನ ಸರಿಯಾದ ಚಿತ್ರ ಸಿಗುವುದಿಲ್ಲ.

ಒಪ್ಪದ ವಿಷಯ: ನೀತಿ ಕೇಳುವುದನ್ನು ಬಿಡಬೇಕು ಅನ್ನುವ ಹಾಗೆ ಇಲ್ಲಿ ಧ್ವನಿ ಇದೆ. ಮುಂದೆ ಪರೀಕ್ಷೆಗಳಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳಿಗೆ ಅದನ್ನು ಬರೆಯಲು ಬರಬೇಡವಾ? ಒಂದು ಮಾತಿನಲ್ಲಿ ಕಥೆಯ ತಿರುಳು ಹೇಳುವುದೂ ಒಂದು ಕಲಿಕೆ.

ಜಾವಳಿ ಕಡೆಯ ಟೀಚರ್

ಸರ್, ನೀತಿ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ‘ಒಗ್ಗಟ್ಟಿನಲ್ಲಿ ಬಲವಿದೆ’ ಅನ್ನುವುದು ಮಕ್ಕಳಿಗೆ ಕಥೆಗೂ ಮೊದಲೇ ಬಾಯಿಪಾಠ. ಗೋಡೆ ಮೇಲೆ ಬರೆದಿದೆ. ಹೆಚ್ಚು ಜನ ಸೇರಿದ ಯಾವ ಕಥೆ ಕೊಟ್ಟರೂ ಅದನ್ನೇ ಬರೆಯುತ್ತಾರೆ. ಅಂದರೆ ಆ ಉತ್ತರ ಈ ಕಥೆಯಿಂದ ಬಂದದ್ದಲ್ಲ.

ಈಗ ನಾನು ಹೀಗೆ ಮಾಡುತ್ತಿದ್ದೇನೆ. ನೀತಿ ಬರೆದ ಮೇಲೆ “ಕಥೆಯ ಯಾವ ಸಾಲು ಓದಿದಾಗ ನಿನಗೆ ಹಾಗೆ ಅನ್ನಿಸಿತು? ಬೆರಳಿಟ್ಟು ತೋರಿಸು” ಅನ್ನುತ್ತೇನೆ. ಮೊನ್ನೆ ಆರು ಮಕ್ಕಳು “ಎಲ್ಲರೂ ಸೇರಿದರು” ಅನ್ನುವ ಸಾಲಿಗೆ ಬೆರಳಿಟ್ಟರು. ಒಬ್ಬಳು ಮಾತ್ರ “ಕಲ್ಲಿನ ಮೇಲೆ ಮರ ಕೂತಿತು” ಅನ್ನುವುದಕ್ಕೆ ಇಟ್ಟಳು. ಬರೆದ ಉತ್ತರ ಎಲ್ಲರದೂ ಒಂದೇ, ಆದರೆ ಬೆರಳು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಚನ್ನರಾಯಪಟ್ಟಣ ಸಿಆರ್‌ಪಿ

ಬೆರಳಿಟ್ಟು ತೋರಿಸುವುದು ಒಳ್ಳೆಯದು ಮೇಡಂ. ಇದನ್ನು ನಮ್ಮ ಕ್ಲಸ್ಟರ್ ಸಭೆಯಲ್ಲಿ ಹೇಳುತ್ತೇನೆ. ಅಂಕ ಉತ್ತರಕ್ಕಲ್ಲ, ಆ ಬೆರಳಿಗೆ ಕೊಡಬೇಕು ಅಂತಾಯ್ತು.

ಕಡೂರು ಹೊಸ ಟೀಚರ್

ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ನಾಲ್ಕನೇ ತರಗತಿ, 31 ಮಕ್ಕಳು. ನೀವೆಲ್ಲ ಹೇಳುವುದು ಒಂದೊಂದೇ ಮಗುವಿನ ಜೊತೆ ಕುಳಿತು ಮಾಡುವ ಕೆಲಸ. 31 ಮಕ್ಕಳಿಗೆ ಹೇಗೆ? ಕೂಡಿ ಕೆಲಸ ಮಾಡುವ ಕಥೆ ಅಲ್ವಾ ಅಂತ ನಾನು ಐದೈದು ಮಕ್ಕಳ ಗುಂಪು ಮಾಡಿ ಉತ್ತರ ಬರೆಸಿದೆ. ಎಲ್ಲಾ ಗುಂಪೂ ಚೆನ್ನಾಗಿ ಬರೆಯಿತು. ಆದರೆ ಪ್ರತಿ ಗುಂಪಿನಲ್ಲೂ ಬರೆದದ್ದು ಒಂದೇ ಮಗು. ಉಳಿದವರು ನೋಡುತ್ತಾ ಕುಳಿತಿದ್ದರು. ಅವರಿಗೆ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯಲೇ ಇಲ್ಲ.

ಸಕಲೇಶಪುರ ತೋಟದ ಪಕ್ಕದ ಶಾಲೆ

ಗುಂಪು ಬಿಡಬೇಡಿ, ಕ್ರಮ ಬದಲಾಯಿಸಿ. ಮೊದಲು ಪ್ರತಿ ಮಗು ತಾನೊಬ್ಬನೇ ಒಂದು ಚೀಟಿಯಲ್ಲಿ ಉತ್ತರ ಬರೆಯಲಿ, ಅಥವಾ ಚಿತ್ರ ಬರೆಯಲಿ. ಹೆಸರು ಹಾಕಿ ಚೀಟಿ ನಿಮಗೆ ಕೊಡಲಿ. ಆಮೇಲೆ ಗುಂಪಾಗಿ ಮಾತಾಡಲಿ. ಚೀಟಿಯಿಂದ ಮಗುವಿಗೆ ಮೊದಲು ಏನು ತಿಳಿದಿತ್ತು ಗೊತ್ತಾಗುತ್ತದೆ. ಗುಂಪಿನ ಮಾತಿಂದ ಏನು ಬದಲಾಯಿತು ಗೊತ್ತಾಗುತ್ತದೆ.

ಗುಂಪಿನಲ್ಲಿ ನಾನು ಮಾಡಿಸುವುದು ಒಂದೇ ಆಟ. ಕಥೆಯ ಸಾಲುಗಳನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ ಕಲಸಿ ಕೊಡುತ್ತೇನೆ. ಕ್ರಮವಾಗಿ ಜೋಡಿಸಬೇಕು. ಪ್ರತಿ ಮಗುವಿನ ಕೈಯಲ್ಲೂ ಎರಡು ರಟ್ಟು. ತನ್ನ ರಟ್ಟನ್ನು ತಾನೇ ಇಡಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಯಾಕೆ ಅಲ್ಲಿಟ್ಟೆ ಅಂತ ಹೇಳಬೇಕು. ಆಗ ಒಬ್ಬರೇ ಎಲ್ಲಾ ಮಾಡಲು ಆಗುವುದಿಲ್ಲ.

ಕೊಪ್ಪದ ನಿವೃತ್ತ ಮೇಷ್ಟ್ರು

ದಿನಕ್ಕೆ ಮೂರು ಮಕ್ಕಳು ಸಾಕು ಟೀಚರಮ್ಮ. ಉಳಿದವರು ನಕಲು ಬರೆಯುವಾಗ ಮೂವರನ್ನು ಹತ್ತಿರ ಕರೆದು ಎರಡೆರಡು ಪ್ರಶ್ನೆ. ಎರಡು ವಾರದೊಳಗೆ 31 ಮುಗಿಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಮಗು ಹೇಳಿದ ಮಾತನ್ನು ಅವರ ಬಾಯಿಮಾತಲ್ಲೇ ಬರೆದಿಟ್ಟುಕೊಳ್ಳಿ. ಎ, ಬಿ, ಸಿ ಅಂತ ಬರೆಯಬೇಡಿ. ಆರು ತಿಂಗಳ ಮೇಲೆ ಆ ಮಾತುಗಳನ್ನು ಓದಿದರೆ ಮಗು ಎಲ್ಲಿಂದ ಎಲ್ಲಿಗೆ ಬಂದಿದೆ ಅಂತ ಕಾಣುತ್ತದೆ. ನನ್ನ ಹತ್ತಿರ ಅಂಥ ನೋಟ್‌ಬುಕ್ಕುಗಳು ಈಗಲೂ ಒಂದು ಟ್ರಂಕಿನಲ್ಲಿವೆ.

ಹಾಸನದ ಅಮ್ಮ

ಮೇಷ್ಟ್ರೇ, ಮಾಡಿ ನೋಡಿದೆ. ಮೊದಲ ದಿನ ತಪ್ಪು ಹೇಳಿದೆ, ಮಗ ಅನ್ನ ಕಲಸುತ್ತಾ ಸುಮ್ಮನಿದ್ದ. ಬೇಜಾರಾಯ್ತು. ಮಾರನೇ ದಿನ ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಓದಿದೆ. ‘ಮುಯ್ಯಾಳು’ ಬಂದಾಗ ಅವನಿಗೆ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆಲೂರಿನಲ್ಲಿರುವ ನಮ್ಮ ಅತ್ತೆಗೆ ಫೋನ್ ಮಾಡಿದೆವು. ‘ಇವತ್ತು ನಾವು ಅವರ ಗದ್ದೆಗೆ ಹೋಗೋದು, ನಾಳೆ ಅವರು ನಮ್ಮ ಗದ್ದೆಗೆ ಬರೋದು, ದುಡ್ಡು ಇಲ್ಲ’ ಅಂತ ಅಜ್ಜಿ ಮೊಮ್ಮಗನಿಗೆ ಹೇಳಿದರು. ರಾತ್ರಿ ಮತ್ತೆ ಊಟದ ಹೊತ್ತಿಗೆ “ಕರಿಯಣ್ಣ ಅಡಿಕೆ ಮರ ಮಾರಿದನಂತೆ” ಅಂದೆ. “ಮಾರಿದ್ದಲ್ಲಮ್ಮ, ಕೊಟ್ಟಿದ್ದು! ಮುಯ್ಯಾಳು ಅಲ್ವಾ, ದುಡ್ಡು ತಗೊಳ್ಳಲ್ಲ” ಅಂದ. ನನಗೆ ಕಣ್ಣಲ್ಲಿ ನೀರು ಬಂತು.

ಅರಸೀಕೆರೆ ಮೇಷ್ಟ್ರು

ಅಕ್ಕ, ಕಥೆಯಲ್ಲಿ ದುಡ್ಡಿನ ಮಾತೇ ಇಲ್ಲ. ಅಜ್ಜಿ ಫೋನಿನಲ್ಲಿ ಹೇಳಿದ್ದನ್ನು ಕಥೆಗೆ ತಾನೇ ಜೋಡಿಸಿಕೊಂಡಿದ್ದಾನೆ. ನಿಮ್ಮ ಮಗನಿಗೆ ಓದು ಬಂದಿದೆ.

ಜಾವಳಿ ಕಡೆಯ ಟೀಚರ್

ಎಲ್ಲರಿಗೂ ಧನ್ಯವಾದ. ಇವತ್ತು ನಡೆದದ್ದನ್ನು ಹೇಳಿ, ಒಂದು ಪ್ರಶ್ನೆ ಕೇಳುತ್ತೇನೆ.

ಒಬ್ಬೊಬ್ಬರನ್ನೇ ಕರೆದು “ಕಥೆಯಿಂದ ಒಬ್ಬರನ್ನು ತೆಗೆದರೆ ಏನಾಗುತ್ತದೆ” ಅಂತ ಕೇಳಿದೆ. ಪುಟ್ಟಿಯನ್ನು ಸೋಮಾರಿ ಅಂದಿದ್ದ ಹುಡುಗ ಮೊದಲು ಅವಳನ್ನೇ ತೆಗೆದ. “ಏನೂ ಆಗಲ್ಲ ಮಿಸ್” ಅಂದ. ಸರಿ, ಅವಳಿಲ್ಲದೆ ಕಥೆ ಹೇಳು ಅಂದೆ. ಹೇಳುತ್ತಾ ಬಂದ. ಮರ ಎಳೆದರು, ಇಟ್ಟರು... ಅಲ್ಲಿಗೆ ನಿಂತ. ಚಾರ್ಟ್ ಕಡೆ ತಿರುಗಿದ. ಬೆರಳಿಟ್ಟು ಮತ್ತೆ ಓದಿದ. “ಮಿಸ್, ಮಣ್ಣು ಮೆತ್ತಗಿದೆ ಅಂತ ಯಾರೂ ಹೇಳಲ್ಲ ಈಗ. ಅಜ್ಜಿ ಬಿದ್ದು ಹೋಗ್ತಾಳೆ” ಅಂದ. ಏಳರಲ್ಲಿ ಐದು ಮಕ್ಕಳಿಗೆ ಹೀಗೆ ಹೇಳುತ್ತಾ ಹೇಳುತ್ತಾ ತಿಳಿಯಿತು. ಇಬ್ಬರಿಗೆ ಇನ್ನೂ ಇಲ್ಲ. ಅವರಿಗೆ ನಾಳೆ ನಾನೇ ಓದಿ ಹೇಳುತ್ತೇನೆ, ಕಡ್ಡಿ ಕಲ್ಲನ್ನೂ ತೆಗೆದಿಟ್ಟಿದ್ದೇನೆ.

ಈಗ ಪ್ರಶ್ನೆ. “ಕಲ್ಲಿನ ಮೇಲೆ ಮರ ಕೂತಿತು” ಅಂತ ಬೆರಳಿಟ್ಟ ಹುಡುಗಿ ಇವತ್ತು ನೀತಿಯನ್ನು ಬೇರೆ ಥರ ಬರೆದಿದ್ದಾಳೆ. “ಸಂಕವನ್ನು ಪಂಚಾಯಿತಿಯವರು ಕಟ್ಟಬೇಕಿತ್ತು. ಅವರು ಬರಲಿಲ್ಲ. ಅದಕ್ಕೆ ಊರಿನವರು ಕಟ್ಟಿದರು.” ಪಂಚಾಯಿತಿ ಅನ್ನುವ ಪದವೇ ಕಥೆಯಲ್ಲಿಲ್ಲ. ಅವಳು ದಿನಾ ಒಂದು ಕಾಲುಸಂಕ ದಾಟಿ ಶಾಲೆಗೆ ಬರುತ್ತಾಳೆ. ಮಳೆಗಾಲದಲ್ಲಿ ಅವಳ ಅಪ್ಪ ಕೈಹಿಡಿದು ದಾಟಿಸುತ್ತಾರೆ. ನಾನು ಇದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಚನ್ನರಾಯಪಟ್ಟಣ ಸಿಆರ್‌ಪಿ

ಪೂರ್ತಿ ಕೊಡುತ್ತಿದ್ದೆ ಮೇಡಂ. ಆ ಹಾಳೆಯ ಒಂದು ಫೋಟೋ, ಹೆಸರು ಮುಚ್ಚಿ, ನನಗೆ ಕಳಿಸಿ. ಶನಿವಾರದ ಸಭೆಗೆ ತಗೊಂಡು ಹೋಗುತ್ತೇನೆ.